ಸರ್ಕಾರಿ ದಂತವೈದ್ಯರ ತರಬೇತಿಗೆ ದುಡ್ಡು ಎಲ್ಲಿಂದ?

ಚಿತ್ರದುರ್ಗದ ತಾಲ್ಲೂಕು ಆಸ್ಪತ್ರೆಗಳ ದಂತವೈದ್ಯರಿಗೆ ಸಾರ್ವಜನಿಕ ಆರೋಗ್ಯದ ತರಬೇತಿ ಕೊಡಿಸಲು ಸರ್ಕಾರದ ಹಣ ಸಿಗುತ್ತದೆಯೇ ಎಂದು ಕೇಳಿದ್ದೀರಿ. ದಾರಿ ಇದೆ: 2014ರಲ್ಲಿ ಶುರುವಾದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ. ಹಣ ಬರುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಮೂಲಕ, ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40.

ಆದರೆ ತಾನಾಗಿ ಬರುವುದಿಲ್ಲ. ಜಿಲ್ಲೆಯಿಂದ ಪಿಐಪಿಯಲ್ಲಿ, ಅಂದರೆ ಈ ಹಣಕ್ಕಾಗಿ ರಾಜ್ಯ ಕೇಂದ್ರಕ್ಕೆ ಸಲ್ಲಿಸುವ ಕಾರ್ಯಕ್ರಮ ಅನುಷ್ಠಾನ ಯೋಜನೆಯಲ್ಲಿ, ಬೇಡಿಕೆ ಹೋಗಬೇಕು. ಎಷ್ಟು ಜನ, ಎಷ್ಟು ದಿನ, ತಲಾ ಎಷ್ಟು ಖರ್ಚು ಎಂದು ಬಿಡಿಸಿ ಬರೆಯಿರಿ. ಸುಮ್ಮನೆ ‘ತರಬೇತಿ’ ಎಂದು ಒಂದು ಮೊತ್ತ ಹಾಕಿದರೆ ಕತ್ತರಿ ಬೀಳುವುದು ಅಲ್ಲೇ. ಡೆಂಟಲ್ ಚೇರ್, ಸಾಮಗ್ರಿಗಳ ಖರ್ಚನ್ನು ಇದರೊಳಗೆ ತುರುಕಬೇಡಿ.

ತರಬೇತಿಯ ವಿಷಯಗಳಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬರುವ ತೊಂದರೆ, ಮೊದಲಿರಲಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಊರುಗಳಲ್ಲಿ ಮಕ್ಕಳ ಮುಂದಿನ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ ಕಾಣುತ್ತದೆ. ಅದನ್ನು ಹುಳುಕು ಎಂದುಕೊಳ್ಳುವವರೇ ಹೆಚ್ಚು.