ಸುಮ್ನೆ ನಿಂತರೆ ಯಾವ ಸೆಕ್ಷನ್?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಸಾರ್ವಜನಿಕ ಜಾಗದಲ್ಲಿ ಸುಮ್ನೆ ನಿಲ್ಲಬಹುದಾ, ಕೂರಬಹುದಾ, ಕಾಯಬಹುದಾ? ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ಕೆಲಸ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬೀಚ್ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಮಾತಾಡ್ತಾ ಇದ್ದೆವು. ಕುಡಿದಿರಲಿಲ್ಲ, ಗಲಾಟೆಯೂ ಇಲ್ಲ. ರೌಂಡ್ಸ್‌ಗೆ ಬಂದ ಪೊಲೀಸರು "ಎಂಥ ಮಾಡುವುದು ಇಲ್ಲಿ, ಹೊರಡಿ" ಎಂದು ಗದರಿಸಿದರು, ಮೊಬೈಲ್ ಕೂಡ ಕೇಳಿದರು. ಇದಕ್ಕೆ ಕಾನೂನು ಉಂಟಾ? – ಓದುಗ, ಉಡುಪಿ

ಉತ್ತರ: ಸುಮ್ನೆ ನಿಲ್ಲುವುದು, ಕೂರುವುದು, ಹರಟೆ ಹೊಡೆಯುವುದು ನಮ್ಮಲ್ಲಿ ಅಪರಾಧ ಅಲ್ಲ. ಹಗಲಾದರೂ ಅಷ್ಟೇ, ರಾತ್ರಿಯಾದರೂ ಅಷ್ಟೇ. ಹಾಗಂತ ಪೊಲೀಸರು ಬಂದು ಕೇಳುವುದೂ ತಪ್ಪಲ್ಲ. ಕೇಳುವುದು ಅವರ ಕೆಲಸ. ಕೇಳಿದ ಮೇಲೆ ಏನಾಗುತ್ತದೆ ಎಂಬಲ್ಲಿ ತಕರಾರು.

"ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದ ವ್ಯಕ್ತಿ ವಶಕ್ಕೆ" ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಇಂಥದ್ದಕ್ಕೆ ಬಳಸುವ ಸೆಕ್ಷನ್ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 96. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಅಪರಾಧದ ಉದ್ದೇಶದಿಂದ ಆಯುಧ ಹಿಡಿದೋ ಮುಖ ಮುಚ್ಚಿಕೊಂಡೋ ಇದ್ದರೆ, ಮನೆ ಒಡೆಯುವ ಸಾಮಾನು ಕೈಯಲ್ಲಿದ್ದರೆ, ಕಳ್ಳ ಅಂತಲೇ ಹೆಸರಾದವನು ಬೀದಿಯಲ್ಲಿ ಸುಳಿದಾಡುತ್ತಾ ಸರಿಯಾದ ಉತ್ತರ ಕೊಡದಿದ್ದರೆ, ಅದು ಅನ್ವಯಿಸುತ್ತದೆ. ಬೈಕಿಗೆ ಒರಗಿ ಮಾತಾಡುವ ನಾಲ್ಕು ಜನ ಇದರೊಳಗೆ ಬರುವುದಿಲ್ಲ.

ನಿಷೇಧಾಜ್ಞೆ ಇದ್ದರೆ ಮಾತ್ರ ಲೆಕ್ಕ ಬೇರೆ. ಕರಾವಳಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ! ಹಳೇ ಸಿಆರ್‌ಪಿಸಿಯ 144 ಈಗ, 2024ರ ಜುಲೈ 1ರಿಂದ, ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್, ಉಡುಪಿಯಲ್ಲಿ ಡಿಸಿ ಆದೇಶ ಹೊರಡಿಸುತ್ತಾರೆ. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ, ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಹೇಳಬೇಕು. ಗುಂಪು ಸೇರಬಾರದು ಅಂತ ಅದರಲ್ಲಿದ್ದರೆ ನಿಮ್ಮ ಹರಟೆಯೂ ಗುಂಪೇ.

ಇನ್ನು "ಹೊರಡಿ" ಅಂದದ್ದು. ಅದೇ ಸಂಹಿತೆಯಲ್ಲಿ ಹೊಸದಾಗಿ 172 ಅಂತ ಒಂದು ಸೆಕ್ಷನ್ ಬಂದಿದೆ. ಅಪರಾಧ ತಡೆಯುವ ಕೆಲಸದಲ್ಲಿ ಪೊಲೀಸರು ಕಾನೂನಿನ ಪ್ರಕಾರ ಕೊಡುವ ಸೂಚನೆಯನ್ನು ಪಾಲಿಸಬೇಕು. ಪಾಲಿಸದವರನ್ನು ಹಿಡಿದಿಡಬಹುದು, ಅಲ್ಲಿಂದ ಕಳಿಸಬಹುದು. ಸಣ್ಣ ವಿಷಯವಾದರೆ ಆದಷ್ಟು ಬೇಗ, 24 ಗಂಟೆಯೊಳಗೆ ಬಿಡಬೇಕು. "ಕಾನೂನಿನ ಪ್ರಕಾರ" ಎಂಬ ಮಾತೇನೋ ಅದರಲ್ಲಿದೆ, ಆದರೆ ನಡುರಾತ್ರಿ ರಸ್ತೆ ಬದಿಯಲ್ಲಿ ಅದನ್ನು ತೀರ್ಮಾನ ಮಾಡುವವರು ಯಾರು? ಎದುರು ನಿಂತ ಪೊಲೀಸರೇ ಅಲ್ವಾ. ನನಗಂತೂ ಈ ಸೆಕ್ಷನ್ ಬಗ್ಗೆ ಸಮಾಧಾನ ಇಲ್ಲ. ಆದರೂ ಅಲ್ಲೇ ವಾದಕ್ಕೆ ಇಳಿಯಬೇಡಿ ಎಂದೇ ಹೇಳುತ್ತೇನೆ. ಹೊರಟು ಬನ್ನಿ, ಟೈಮು, ಜಾಗ, ಗಾಡಿ ನಂಬರ್ ಬರೆದಿಟ್ಟುಕೊಳ್ಳಿ, ಬೇಕಿದ್ದರೆ ಎಸ್‌ಪಿ ಕಚೇರಿಗೆ ಲಿಖಿತ ದೂರು ಕೊಡಿ.

ಹೆಸರು, ಊರು ಕೇಳಿದರೆ ಹೇಳಿಬಿಡಿ. ನಡೆದುಕೊಂಡು ಹೋಗುವವನ ಕಿಸೆಯಲ್ಲಿ ಆಧಾರ್ ಇರಲೇಬೇಕೆಂಬ ಕಾನೂನು ಇಲ್ಲ. ಆದರೆ ಬೈಕ್ ಇದ್ದವರಿಗೆ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಕೇಳುತ್ತಾರೆ, ತೋರಿಸಬೇಕು. ಮೊಬೈಲ್ ಹಾಗಲ್ಲ. ಯಾವ ಕೇಸೂ ಇಲ್ಲದೆ ರಸ್ತೆಯಲ್ಲಿ ನಿಂತವರ ವಾಟ್ಸಾಪ್ ತಡಕುವುದು ತಪಾಸಣೆಯ ಹೆಸರಿಗೆ ನಿಲ್ಲುವ ಕೆಲಸ ಅಲ್ಲ. "ಯಾಕೆ ಸರ್, ಯಾವ ಕೇಸು?" ಅಂತ ಮರ್ಯಾದೆಯಿಂದ ಕೇಳಬಹುದು.

ಪ್ರಶ್ನೆ: ನಮ್ಮ ಅಂಗಡಿ ಎದುರು ಬೆಳಗ್ಗೆ ಕೂಲಿಯವರು ಗುಂಪು ನಿಲ್ಲುತ್ತಾರೆ. ಗಿರಾಕಿಗಳಿಗೆ ತೊಂದರೆ. ಪಾಲಿಕೆಗೆ ಹೇಳಿ ಓಡಿಸಬಹುದಾ? – ವ್ಯಾಪಾರಿ, ಮಂಗಳೂರು

ಉತ್ತರ: ಓಡಿಸುವುದು ಅಂದರೆ ಎಲ್ಲಿಗೆ ಮಾರಾಯ್ರೆ?

ನೀವು ಹೇಳುವ ಗುಂಪನ್ನು ಬೆಳಗ್ಗೆ ಏಳಕ್ಕೆ ಒಮ್ಮೆ ಹತ್ತಿರದಿಂದ ನೋಡಿ. ಪ್ಲಾಸ್ಟಿಕ್ ಕೈಚೀಲದಲ್ಲಿ ಬುತ್ತಿ, ಕರಣೆಯ ಹಿಡಿ ಹೊರಗೆ ಕಾಣುತ್ತಾ ಇರುತ್ತದೆ. ಒಂದು ಪಿಕಪ್ ನಿಂತು "ಮೂರು ಜನ ಬೇಕು, ಕಾಂಕ್ರೀಟ್" ಅಂದ ಕೂಡಲೇ ಹತ್ತು ಜನ ಓಡುತ್ತಾರೆ, ಸಂಬಳದ ಮಾತು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಮೂವರು ಹತ್ತುತ್ತಾರೆ, ಉಳಿದವರು ಮತ್ತೆ ಬಂದು ಮೊದಲಿದ್ದಲ್ಲೇ ನಿಲ್ಲುತ್ತಾರೆ. ಹೆಚ್ಚಿನವರು ಘಟ್ಟದ ಮೇಲಿನಿಂದ ಬಂದವರು. ಅವರು ಸುಮ್ನೆ ನಿಂತದ್ದಲ್ಲ, ಕೆಲಸಕ್ಕೆ ಕಾಯುತ್ತಿದ್ದಾರೆ.

ಫುಟ್‌ಪಾತ್ ಪೂರ್ತಿ ಅಡ್ಡ ಆದರೆ, ಅಂಗಡಿಯ ಬಾಗಿಲಿಗೆ ಅಡ್ಡ ಆದರೆ ಬದಿಗೆ ಸರಿಯಿರಿ ಅನ್ನಬಹುದು, ಪೊಲೀಸರೂ ಹೇಳಬಹುದು. ದಾರಿಗೆ ಅಡ್ಡಿ ಮಾಡುವುದಕ್ಕೆ ಪೊಲೀಸ್ ಕಾಯ್ದೆಯ 92ನೇ ಸೆಕ್ಷನ್ ಇದೆ. ಆದರೆ ಅದೇ ಫುಟ್‌ಪಾತಿನಲ್ಲಿ ಸಂಜೆ ಐಸ್‌ಕ್ರೀಂ ಕಪ್ ಹಿಡಿದು ಕಾರಿಗೆ ಒರಗಿ ನಿಲ್ಲುವ ಗುಂಪಿನ ಮೇಲೆ ನೀವು ದೂರು ಕೊಡುತ್ತೀರಾ? ಇಲ್ಲ ಅಲ್ವಾ. ಇಂಥ ನಿಯಮಗಳ ದೊಡ್ಡ ತೊಂದರೆಯೇ ಇದು. ಪುಸ್ತಕದಲ್ಲಿ ಎಲ್ಲರಿಗೂ ಒಂದೇ, ರಸ್ತೆಯಲ್ಲಿ ಬಟ್ಟೆ ನೋಡಿ ಜಾರಿ.

ಬೇರೆ ಕಡೆಯೂ ಹೀಗೇ ಆಗಿದೆ. ಅಮೆರಿಕದ ಷಿಕಾಗೊ ನಗರ 1992ರಲ್ಲಿ ಒಂದು ನಿಯಮ ಮಾಡಿತು. ಕಾರಣ ಇಲ್ಲದೆ ನಿಂತ ಗುಂಪಿನಲ್ಲಿ ಒಬ್ಬ ಗ್ಯಾಂಗಿನವನು ಇದ್ದಾನೆ ಅಂತ ಪೊಲೀಸರಿಗೆ ಅನಿಸಿದರೆ ಸಾಕು, ಎಲ್ಲರನ್ನೂ ಚದುರಿ ಅನ್ನಬಹುದು, ಹೋಗದವರನ್ನು ಹಿಡಿಯಬಹುದು. ಮೂರು ವರ್ಷದಲ್ಲಿ 89,000ಕ್ಕೂ ಜಾಸ್ತಿ ಸಲ ಜನರನ್ನು ಚದುರಿಸಿದರು, 42,000ಕ್ಕೂ ಹೆಚ್ಚು ಜನರನ್ನು ಹಿಡಿದರು. ಯಾವುದು ಕಾರಣ, ಯಾವುದು ಕಾರಣ ಅಲ್ಲ ಅಂತ ನಿಯಮ ಹೇಳುವುದೇ ಇಲ್ಲ, ಎಲ್ಲ ಪೊಲೀಸರ ಇಷ್ಟಕ್ಕೆ ಬಿಟ್ಟಿದೆ ಅಂತ 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇಂಗ್ಲೆಂಡಿನಲ್ಲೂ 1824ರ ಅಲೆಮಾರಿ ಕಾಯ್ದೆಯ ಬಲದಲ್ಲಿ ಅನುಮಾನದ ಮೇಲೆಯೇ ಹಿಡಿಯುತ್ತಿದ್ದರು, ಅದರ ಬಿಸಿ ಕಪ್ಪು ಹುಡುಗರಿಗೆ ಜಾಸ್ತಿ ತಟ್ಟಿತು, 1981ರಲ್ಲಿ ಆ ಭಾಗ ತೆಗೆದರು.

ಪಾಲಿಕೆಗೆ ಬರೆಯುವುದಾದರೆ ಬರೆಯಿರಿ, ಆದರೆ ಓಡಿಸಿ ಅಂತಲ್ಲ. ಹತ್ತಿರದಲ್ಲಿ ಮಳೆಗೆ ಒಂದು ಶೀಟಿನ ಮಾಡು, ಒಂದು ಶೌಚಾಲಯ ಮಾಡಿಕೊಡಿ ಅಂತ ಬರೆಯಿರಿ. ಜೋರು ಮಳೆ ಬಂದಾಗ ಅವರು ನಿಮ್ಮ ಜಗಲಿಗೇ ಹತ್ತುವುದು ಬೇರೆ ಮಾಡು ಇಲ್ಲದ್ದಕ್ಕೆ.

ಪ್ರಶ್ನೆ: ಕ್ಲಾಸ್‌ಮೇಟ್ ಜೊತೆ ಪಾರ್ಕಿನಲ್ಲಿ ಕೂತಿದ್ದೆ. ಯಾರೋ ನಾಲ್ಕು ಹುಡುಗರು ಬಂದು ಹೆಸರು ಕೇಳಿ, ಐಡಿ ಕಾರ್ಡ್ ತೋರಿಸು ಅಂದರು, ಹೋಗಲು ಬಿಡಲಿಲ್ಲ. – ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅವರಿಗೆ ನಿಮ್ಮ ಹೆಸರು ಕೇಳುವ ಯಾವ ಅಧಿಕಾರವೂ ಇಲ್ಲ. ಹೇಳಬೇಡಿ. ಐಡಿ ಕಾರ್ಡ್ ಕೈಗೆ ಕೊಡಲೇಬೇಡಿ, ಅದರ ಫೋಟೋ ಹೊಡೆದು ಗ್ರೂಪುಗಳಿಗೆ ಹಾಕುತ್ತಾರೆ.

ಖಾಸಗಿ ವ್ಯಕ್ತಿ ಇನ್ನೊಬ್ಬರನ್ನು ಹಿಡಿಯಬಹುದು ಅನ್ನುವುದು ನಿಜ, ಸುರಕ್ಷಾ ಸಂಹಿತೆಯ 40ರಲ್ಲಿದೆ. ಆದರೆ ಹಿಡಿಯುವವನ ಕಣ್ಣೆದುರೇ ಜಾಮೀನು ಇಲ್ಲದ ಗಂಭೀರ ಅಪರಾಧ ನಡೆದಿರಬೇಕು, ಅಥವಾ ಎದುರಿಗಿರುವವನು ಕೋರ್ಟು ಘೋಷಿಸಿದ ಅಪರಾಧಿ ಆಗಿರಬೇಕು. ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಪಾರ್ಕಿನ ಬೆಂಚಿನಲ್ಲಿ ಕೂರುವುದು ಯಾವ ಅಪರಾಧ? ಉಲ್ಟಾ, ದಾರಿ ಕಟ್ಟಿ ನಿಲ್ಲಿಸಿದ್ದು ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದದ್ದು) 126ರಲ್ಲಿ ಅಪರಾಧ, ಎಲ್ಲೂ ಹೋಗದಂತೆ ಕೂಡಿಹಾಕಿದರೆ 127. ಗುಂಪುಗಳು ನುಗ್ಗಿ ಯುವಜನರಿಗೆ ಹೊಡೆದ 2009ರ ಪಬ್ ದಾಳಿ, 2012ರ ಪಡೀಲ್ ಹೋಂ ಸ್ಟೇ ದಾಳಿ ಆದಮೇಲೂ ಈ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ ಅನ್ನುವುದೇ ಬೇಜಾರು.

ಮುಂದೆ ಹೀಗಾದರೆ 112ಕ್ಕೆ ಕಾಲ್ ಮಾಡಿ, ಅವರಿಗೆ ಕೇಳುವಂತೆ ಜೋರಾಗಿ ಮಾತಾಡಿ, ಹತ್ತಿರದ ಅಂಗಡಿಯವರನ್ನೋ ವಾಕಿಂಗ್ ಬಂದವರನ್ನೋ ಕರೆಯಿರಿ. ಆದದ್ದಕ್ಕೆ ಈಗಲೂ ದೂರು ಕೊಡಬಹುದು. ಮನೆಯಲ್ಲಿ ಬೈತಾರೆ ಅಂತ ಸುಮ್ಮನಿರುತ್ತಾರೆಂಬ ಧೈರ್ಯದಿಂದಲೇ ಅವರು ಬರುವುದು.

ಪ್ರಶ್ನೆ: ಅತ್ತೆಯನ್ನು ಕರೆದುಕೊಂಡು ಬರಲು ಸೆಂಟ್ರಲ್ ಸ್ಟೇಷನ್‌ಗೆ ಹೋಗಬೇಕು. ಟ್ರೈನ್ ಯಾವಾಗಲೂ ಲೇಟ್. ಪ್ಲಾಟ್‌ಫಾರ್ಮಿನಲ್ಲಿ ಕಾಯಬಹುದಾ? – ಓದುಗ, ಸುರತ್ಕಲ್

ಉತ್ತರ: ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆಗೆ ಮಾತ್ರ. ರೈಲು ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡಿ, ಹತ್ತಿರ ಬಂದಾಗ ಟಿಕೆಟ್ ತೆಗೆಯಿರಿ, ಅಲ್ಲಿವರೆಗೆ ಹೊರಗೆ ಚಹಾ ಕುಡಿಯಿರಿ. ಟಿಕೆಟ್ ಇಲ್ಲದೆ ಒಳಗೆ ಸಿಕ್ಕಿದರೆ "ಅತ್ತೆಗೆ ಕಾಯುತ್ತಿದ್ದೇನೆ" ಅನ್ನುವುದು ನಡೆಯುವುದಿಲ್ಲ.