ಕರ ಕಟ್ಟಿ ಕಾಯ್ದಿರಿಸಿದ ಕುರ್ಚಿ

ಮಂಗಳೂರಿನಲ್ಲಿ ಮನೆ ಕೊಂಡು ಮೊದಲ ಬಾರಿಗೆ ಆಸ್ತಿ ತೆರಿಗೆ ಕಟ್ಟುವಾಗ ಚಲನ್‌ನಲ್ಲಿ ಗ್ರಂಥಾಲಯ ಕರವೆಂಬ ಬಾಬ್ತು ಕಂಡಿತೆಂದೂ, ಎಲ್ಲವೂ ಮೊಬೈಲಿನಲ್ಲಿಯೇ ಸಿಗುವ ಈ ಕಾಲದಲ್ಲಿ ಸಾರ್ವಜನಿಕ ಗ್ರಂಥಾಲಯದಿಂದ ನಗರದ ದಿನನಿತ್ಯದ ಬದುಕಿಗೆ ಆಗುವ ಉಪಯೋಗವಾದರೂ ಏನೆಂದೂ ತಾವು ಕೇಳಿದ್ದೀರಿ. ಪ್ರಶ್ನೆಯಲ್ಲಿ ಸ್ವಲ್ಪ ಬೇಸರವಿದೆ, ಆದರೆ ಪ್ರಶ್ನೆ ನ್ಯಾಯವಾದದ್ದು. ಹಣ ಕೊಟ್ಟವರು ಲೆಕ್ಕ ಕೇಳಬೇಕು. ನನಗೆ ತಿಳಿದ ಮಟ್ಟಿಗೆ ಆ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತೇನೆ.

ಮೊದಲಿಗೆ ಕರದ ವಿಷಯ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿದ್ದ ಕಾಲದ್ದು. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತವೆ. ಅದರ ದರ ಈಗ ತೆರಿಗೆಯ ಶೇ 6. ತಮ್ಮ ಮನೆಯ ತೆರಿಗೆ 5,000 ರೂಪಾಯಿಯಾದರೆ ಗ್ರಂಥಾಲಯದ ಪಾಲು 300 ರೂಪಾಯಿ. ವಸೂಲಾದ ಹಣ ಗ್ರಂಥಾಲಯ ಪ್ರಾಧಿಕಾರಕ್ಕೆ ಸೇರಬೇಕು, ಅದರಿಂದ ಪುಸ್ತಕ, ಪತ್ರಿಕೆ, ಕಟ್ಟಡ, ದೀಪ, ನೀರು ಎಲ್ಲವೂ ನಡೆಯಬೇಕು. ಅನೇಕ ಸ್ಥಳೀಯ ಸಂಸ್ಥೆಗಳು ಜನರಿಂದ ಪಡೆದ ಕರವನ್ನು ಸಕಾಲಕ್ಕೆ ಹಸ್ತಾಂತರಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಆದ್ದರಿಂದ ತಾವು ಕಟ್ಟಿದ್ದು ವ್ಯರ್ಥವೇ ಎಂದು ಕೇಳುವುದಕ್ಕಿಂತ, ಕಟ್ಟಿದ್ದು ತಲುಪಿತೇ ಎಂದು ಕೇಳುವುದು ಹೆಚ್ಚು ಫಲಕಾರಿ. ಬಾಡಿಗೆ ಮನೆಯಲ್ಲಿ ಇರುವವರೂ ಮಾಲಿಕರ ಮೂಲಕ ಈ ಕರದಲ್ಲಿ ಪಾಲು ಕೊಡುತ್ತಿದ್ದಾರೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಈ ವ್ಯವಸ್ಥೆಯ ಹಿಂದಿನ ವಿಚಾರಕ್ಕೂ ನಮ್ಮ ಊರಿಗೂ ಒಂದು ನಂಟಿದೆ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆಂದು ಹೆಸರಾದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಗಣಿತದ ಅಧ್ಯಾಪಕರಾಗಿ ಮಂಗಳೂರಿನ ಸರಕಾರಿ ಕಾಲೇಜಿಗೆ, ಅಂದರೆ ಹಂಪನಕಟ್ಟೆಯಲ್ಲಿ ಇಂದು ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯಲಾಗುವ ಸಂಸ್ಥೆಗೆ ಬಂದರು. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳು ಶಾಲೆಯ ಮಕ್ಕಳಿಂದ ಹಿಡಿದು ಕೂಲಿ ಕೆಲಸದವರವರೆಗೆ ಎಲ್ಲರಿಗೂ ತೆರೆದಿರುವುದನ್ನು ಕಂಡು, ಅದು ನಮ್ಮಲ್ಲಿಯೂ ಆಗಬೇಕೆಂದು ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಕೊಟ್ಟರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಬೀರುವಿಗೆ ಬೀಗ ಹಾಕಿ ಪುಸ್ತಕವನ್ನು ಕಾಯುವುದೇ ಗ್ರಂಥಪಾಲಕರ ಕೆಲಸವೆಂದು ತಿಳಿದಿದ್ದ ಕಾಲದಲ್ಲಿ ಇದು ದೊಡ್ಡ ಮಾತಾಗಿತ್ತು. ಅವರ ಶ್ರಮದಿಂದಲೇ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದರಾಸಿನಲ್ಲಿ ಬಂತು. ದಕ್ಷಿಣ ಕನ್ನಡ 1956ರ ತನಕ ಆ ಪ್ರಾಂತ್ಯದ ಭಾಗವಾಗಿದ್ದುದರಿಂದ, ಕರಾವಳಿಯವರಾದ ನಾವು ಮೈಸೂರಿನವರಿಗಿಂತ ಮೊದಲೇ ಈ ಕಾನೂನಿನ ವ್ಯಾಪ್ತಿಯೊಳಗೆ ಬಂದಿದ್ದೆವು.

ಇನ್ನು ದಿನನಿತ್ಯದ ಉಪಯೋಗ. ಇದನ್ನು ನನ್ನ ಅನುಭವದಿಂದಲೇ ಹೇಳುವುದು ಒಳ್ಳೆಯದು.

ನಾನು ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಯವಳು. 2011ರಲ್ಲಿ ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದಲೆಂದು ಮಂಗಳೂರಿಗೆ ಬಂದು, ಕೊಟ್ಟಾರದಲ್ಲಿ ಮೂವರು ಗೆಳತಿಯರೊಂದಿಗೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರಲ್ಲಿ ಇಬ್ಬರಿಗೆ ರಾತ್ರಿ ಪಾಳಿಯ ಕೆಲಸವಿದ್ದುದರಿಂದ ಹಗಲೆಲ್ಲ ಕಿಟಕಿ ಮುಚ್ಚಿ ಮಲಗುತ್ತಿದ್ದರು. ದೀಪ ಹಾಕಿದರೆ ಅವರಿಗೆ ತೊಂದರೆ, ಹಾಕದಿದ್ದರೆ ನನಗೆ ಓದಿಲ್ಲ. ಕದ್ರಿ ಪಾರ್ಕಿನ ಬೆಂಚಿನ ಮೇಲೆ ಕುಳಿತು ಓದಲು ನೋಡಿದೆ. ಒಂಟಿ ಹುಡುಗಿಯೊಬ್ಬಳು ಒಂದೇ ಕಡೆ ಎರಡು ಗಂಟೆ ಕುಳಿತಿದ್ದರೆ ಯಾರಿಗಾಗಿ ಕಾಯುತ್ತಿದ್ದಾಳೆ ಎಂಬ ಪ್ರಶ್ನೆ ಹಾದುಹೋಗುವವರ ಕಣ್ಣಲ್ಲೇ ಕಾಣುತ್ತಿತ್ತು. ಹೋಟೆಲಿನಲ್ಲಿ ಒಂದು ಚಹಾ ಕುಡಿದು ಅರ್ಧ ಗಂಟೆಗಿಂತ ಹೆಚ್ಚು ಕೂರಲು ಮನಸ್ಸು ಒಪ್ಪುತ್ತಿರಲಿಲ್ಲ. ಆಗ ಊರಿನವರೇ ಆದ ಅಕ್ಕ ಒಬ್ಬರು, ಜ್ಯೋತಿ ನಿಲ್ದಾಣದಲ್ಲಿ ಬಸ್ಸಿಳಿದು ಬಾವುಟಗುಡ್ಡೆಗೆ ಹೋಗು, ಅಲ್ಲಿ ನಗರ ಕೇಂದ್ರ ಗ್ರಂಥಾಲಯವಿದೆ ಎಂದರು.

ಅಲ್ಲಿ ಮೊದಲ ದಿನ ನನಗೆ ಆಶ್ಚರ್ಯ ತಂದದ್ದು ಪುಸ್ತಕಗಳಲ್ಲ. ಒಳಗೆ ಹೋಗಿ, ಹೆಸರು ಬರೆದು, ಕುರ್ಚಿ ಎಳೆದುಕೊಂಡು ಕುಳಿತ ಮೇಲೆ ಸಂಜೆಯವರೆಗೆ ಯಾರೊಬ್ಬರೂ ನನ್ನನ್ನು ಏನನ್ನೂ ಕೇಳಲಿಲ್ಲ. ಏನು ಬೇಕು, ಯಾರನ್ನು ನೋಡಬೇಕು, ಇನ್ನೆಷ್ಟು ಹೊತ್ತು ಎಂಬ ಪ್ರಶ್ನೆಗಳು ನಗರದ ಪ್ರತಿಯೊಂದು ಬಾಗಿಲಲ್ಲೂ ನಮ್ಮನ್ನು ಎದುರುಗೊಳ್ಳುತ್ತವೆ. ದೇವಸ್ಥಾನ, ಇಗರ್ಜಿ, ಮಸೀದಿಗಳನ್ನು ಬಿಟ್ಟರೆ, ಏನನ್ನೂ ಕೊಳ್ಳದೆ, ಕಾರಣ ಹೇಳದೆ, ದಿನವಿಡೀ ನೆರಳಿನಲ್ಲಿ ಕೂರಬಹುದಾದ ಬೇರೆ ಸೂರು ನಗರದಲ್ಲಿ ನನಗೆ ಇಂದಿಗೂ ಕಂಡಿಲ್ಲ. ಹದಿನಾಲ್ಕು ತಿಂಗಳು ನಾನು ಅಲ್ಲಿ ಓದಿದೆ. ಎದುರಿನ ಕುರ್ಚಿಯವರು ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ, ಪಕ್ಕದವರು ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಪರೀಕ್ಷೆಗೆ ಓದುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಯ ಒಂದು ನೆರಳಚ್ಚು ಪ್ರತಿ ಮೇಜಿನಿಂದ ಮೇಜಿಗೆ ಹೋಗಿ ವಾರದ ಬಳಿಕ ಅಂಚು ಹರಿದು ಹಿಂದಿರುಗುತ್ತಿತ್ತು. ಹಲವು ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ಎಂಬ ಸಂಸ್ಥೆ ನಡೆಸುವ ಒಂದೇ ಪರೀಕ್ಷೆ ಆರಂಭವಾದ ವರ್ಷವದು, ಹೊಸ ಮಾದರಿ ಹೇಗೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ನಾವು ಐದಾರು ಮಂದಿ ಹೊರಗಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಒಬ್ಬರಿಗೊಬ್ಬರು ಹೇಳಿಕೊಟ್ಟೆವು. ತರಬೇತಿ ಕೇಂದ್ರಕ್ಕೆ ಕಟ್ಟುವ ಹಣ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ನಾನು ಇಂದು ಬ್ಯಾಂಕಿನ ಕೆಲಸದಲ್ಲಿದ್ದೇನೆ.

ಪರೀಕ್ಷೆಯವರು ಮಾತ್ರ ಬರುತ್ತಾರೆಂದು ತಿಳಿಯಬೇಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನಿವೃತ್ತರು ಬಂದು ನಿಂತಿರುತ್ತಾರೆ. ಅವರಿಗೆ ಪತ್ರಿಕೆಯಷ್ಟೇ ಮುಖ್ಯವಾದದ್ದು, ನಿನ್ನೆ ಬಾರದವರು ಇಂದು ಬಂದರೇ ಎಂದು ನೋಡುವುದು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಇದೇ ಊರಿನಿಂದ, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರ ಕೈಯಲ್ಲಿ. ಪತ್ರಿಕೆಗಾಗಿ ಬೆಳಿಗ್ಗೆ ಕಾಯುವ ಅಭ್ಯಾಸ ಆ ಊರಿನಲ್ಲಿ ಇನ್ನೂ ಉಳಿದಿರುವ ಕೊನೆಯ ಜಾಗಗಳಲ್ಲಿ ವಾಚನಾಲಯವೂ ಒಂದು. ಭಾನುವಾರ ಬಾಗಲಕೋಟೆ, ಗದಗಗಳಿಂದ ಕಟ್ಟಡ ಕೆಲಸಕ್ಕೆ ಬಂದ ತರುಣರು ಸ್ನಾನ ಮಾಡಿ ಇಸ್ತ್ರಿಯ ಅಂಗಿ ತೊಟ್ಟು ಬರುತ್ತಾರೆ. ನಮ್ಮ ಕರಾವಳಿ ಆವೃತ್ತಿಯಲ್ಲಿ ಅವರ ಜಿಲ್ಲೆಯ ಸುದ್ದಿ ಇರುವುದು ಕಡಿಮೆ, ಆದರೂ ರಾಜ್ಯದ ಪುಟವನ್ನು ಒಂದಕ್ಷರ ಬಿಡದೆ ಓದುತ್ತಾರೆ. ವೆನ್ಲಾಕ್ ಆಸ್ಪತ್ರೆಯಲ್ಲಿ ತಂದೆಯ ಜೊತೆ ನಿಂತಿದ್ದ ಒಬ್ಬ ಹುಡುಗ ಮಧ್ಯಾಹ್ನ ತಾಯಿ ಬಂದು ಬಿಡುಗಡೆ ಕೊಟ್ಟಾಗ ಎರಡು ಗಂಟೆ ಇಲ್ಲಿ ಕುಳಿತು ಹಳೆಯ ‘ಸುಧಾ’, ‘ತರಂಗ’ಗಳನ್ನು ತಿರುವುತ್ತಿದ್ದ. ಹನ್ನೆರಡು ದಿನ ಬಂದ. ನಂತರ ಬರಲಿಲ್ಲ, ಮನೆಗೆ ಹೋಗಿರಬೇಕು ಎಂದು ನಾವು ಅಂದುಕೊಂಡೆವು.

ಮೊಬೈಲಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ನೆರೆಯ ಹಿರಿಯರೊಬ್ಬರು ಮಗನ ಅಂಕಪಟ್ಟಿ ಕಳೆದುಹೋಯಿತೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರು. ನಕಲು ಅಂಕಪಟ್ಟಿ ಪಡೆಯುವಾಗ ಆ ಪ್ರಕಟಣೆಯ ಪುಟವನ್ನೇ ತೋರಿಸಬೇಕೆಂದರು, ಇವರ ಬಳಿ ಇದ್ದ ಒಂದೇ ಪ್ರತಿ ಮಳೆನೀರಿಗೆ ಸಿಕ್ಕಿ ಹಾಳಾಗಿತ್ತು. ಜಾಲತಾಣದಲ್ಲಿ ಅಷ್ಟು ಹಿಂದಿನ ಆ ಪುಟ ಸಿಗಲಿಲ್ಲ. ಗ್ರಂಥಾಲಯದಲ್ಲಿ ದಾರದಿಂದ ಕಟ್ಟಿಟ್ಟ ಹಳೆಯ ಪತ್ರಿಕೆಗಳ ಕಂತೆಯನ್ನು ಬಿಚ್ಚಿ, ಮುಕ್ಕಾಲು ಗಂಟೆ ಹುಡುಕಿ, ಸಿಬ್ಬಂದಿಯೇ ಅದನ್ನು ತೆಗೆದುಕೊಟ್ಟರು. ಪರದೆಯ ಮೇಲೆ ಸಿಗದ ಇಂಥ ಸಣ್ಣ ಸಣ್ಣ ಅಗತ್ಯಗಳು ನಗರದಲ್ಲಿ ದಿನವೂ ಎಷ್ಟೋ ಜನರಿಗೆ ಬರುತ್ತವೆ. ಬೆಲೆಯ ಮಾತೂ ಇದೆ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ತುಳು ನಿಘಂಟು ಆರು ಸಂಪುಟಗಳಷ್ಟಿದೆ. ಮನೆಯಲ್ಲಿ ದಿನವೂ ತುಳು ಮಾತಾಡುವವರಲ್ಲಿಯೂ ಅದನ್ನು ಕೊಂಡು ಇಟ್ಟುಕೊಳ್ಳಬಲ್ಲವರು ಎಷ್ಟು ಮಂದಿ? ಅಂಥ ಕೃತಿಗಳನ್ನು ಊರು ಒಟ್ಟಾಗಿ ಕೊಂಡು ಒಂದು ಕಡೆ ಇಡಬೇಕಾಗುತ್ತದೆ. ಮೊಬೈಲನ್ನೇ ಬಯಸುವವರಿಗೆ ಗ್ರಂಥಾಲಯ ಇಲಾಖೆಯ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಉಚಿತವಾಗಿ ಇದೆ. ಅದೂ ತಮ್ಮ ಕರದಿಂದ ನಡೆಯುವ ವ್ಯವಸ್ಥೆಯದೇ ಭಾಗ, ಅದನ್ನೂ ಬಳಸಿ.

ಕುಂದುಗಳನ್ನು ಮುಚ್ಚಿಟ್ಟರೆ ಲೆಕ್ಕ ಪೂರ್ಣವಾಗದು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳಲ್ಲಿ ಗಾಳಿಯೇ ಒದ್ದೆಯಾಗಿರುವಾಗ ಪುಸ್ತಕದ ಬೆನ್ನಿನ ಅಂಟು ಸಡಿಲುತ್ತದೆ, ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಗೋಡೆಗೆ ತಾಗಿಸಿಟ್ಟ ಕಪಾಟಿಗೆ ಗೆದ್ದಲು ಏರುತ್ತದೆ. ನಗರದ ಒಂದು ಶಾಖೆಯಲ್ಲಿ ಮಾಡು ಸೋರಿ ಮಕ್ಕಳ ಪುಸ್ತಕಗಳ ಒಂದು ಸಾಲೇ ಹಾಳಾದದ್ದನ್ನು ನಾನು ಕಣ್ಣಾರೆ ಕಂಡು ಬಹಳ ನೊಂದಿದ್ದೇನೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಬಿಸಿಲಿದ್ದ ದಿನ ಕಿಟಕಿ ತೆರೆದಿಟ್ಟಿದ್ದರೂ ಅರ್ಧ ಉಳಿಯುತ್ತಿತ್ತು. ಆದರೆ ಆ ಶಾಖೆಗೆ ಇದ್ದ ಸಿಬ್ಬಂದಿ ಒಬ್ಬರೇ. ಅವರು ರಜೆ ಹಾಕಿದ ದಿನ ಬಾಗಿಲೇ ತೆರೆಯುತ್ತಿರಲಿಲ್ಲ. ಮಹಿಳೆಯರಿಗೆ ಶುಚಿಯಾದ ಶೌಚಾಲಯ ಇಲ್ಲದಿರುವುದು ಅನೇಕ ಶಾಖಾ ಗ್ರಂಥಾಲಯಗಳ ಕೊರತೆ, ಮತ್ತು ಇದನ್ನು ಸಣ್ಣ ಕೊರತೆಯೆಂದು ನಾನು ಒಪ್ಪುವುದಿಲ್ಲ. ಎಷ್ಟೋ ಹುಡುಗಿಯರು ಮಧ್ಯಾಹ್ನಕ್ಕೇ ಎದ್ದು ಹೋಗುವುದು ಇದೇ ಕಾರಣಕ್ಕೆ.

ಸ್ಪರ್ಧಾತ್ಮಕ ಪರೀಕ್ಷೆಯವರೇ ಎಲ್ಲ ಕುರ್ಚಿಗಳನ್ನು ಹಿಡಿಯುತ್ತಾರೆ, ಸ್ವಂತ ಪುಸ್ತಕ ತಂದು ಓದುತ್ತಾರೆ, ಗ್ರಂಥಾಲಯ ಬರಿಯ ಓದುವ ಕೋಣೆಯಾಯಿತು ಎಂದು ಸಾಹಿತ್ಯಾಸಕ್ತರು ಬೇಸರ ಪಡುವುದುಂಟು. ನಾನೇ ಆ ಕುರ್ಚಿ ಹಿಡಿದವಳಾದ್ದರಿಂದ ನನ್ನ ಮಾತಿಗೆ ಪಕ್ಷಪಾತವಿರಬಹುದು, ಆದರೂ ಹೇಳುತ್ತೇನೆ. ಮಧ್ಯಾಹ್ನ ಕಣ್ಣು ದಣಿದಾಗ ಎದ್ದು ಕಪಾಟುಗಳ ನಡುವೆ ಅಡ್ಡಾಡಿದ್ದರಿಂದಲೇ ನಾನು ಕಾದಂಬರಿಗಳ ಓದುಗಾರ್ತಿಯಾದದ್ದು. ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಹಿಂದಿರುಗಿಸುವ ದಿನಾಂಕಗಳ ಮುದ್ರೆ ಸಾಲಾಗಿ ಇರುತ್ತದೆ. 1987ರ ಒಂದು ಮುದ್ರೆಯ ಕೆಳಗೆ ಮುಂದಿನದು ನನ್ನದಾಗಿದ್ದ ಒಂದು ಪುಸ್ತಕ ನನಗೆ ಸಿಕ್ಕಿತ್ತು. ನಾನು ಹುಟ್ಟುವ ಮೊದಲು ಅದನ್ನು ಮನೆಗೆ ಒಯ್ದವರು ಯಾರೆಂದು ಬಹಳ ದಿನ ಯೋಚಿಸಿದೆ. ಪರೀಕ್ಷೆಯವರನ್ನು ಹೊರಗಿಡುವುದು ಪರಿಹಾರವಲ್ಲ. ಅವರಿಗೆ ಪ್ರತ್ಯೇಕ ಸಭಾಂಗಣ, ರಾತ್ರಿಯವರೆಗೆ ದೀಪ, ಕುಡಿಯುವ ನೀರು ಕೊಟ್ಟು, ಮಕ್ಕಳ ಮೂಲೆಯನ್ನು ಮಕ್ಕಳಿಗೇ ಬಿಡಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಮ್ಮ ಊರಿನ ಅಣ್ಣನ ಮಗಳ ಕೈಯಲ್ಲಿ ಗ್ರಂಥಾಲಯದ ಕಾರ್ಡು ಇದೆ. ಮಂಗಳೂರಿನ ನನ್ನ ಮಗನ ತರಗತಿಯಲ್ಲಿ ಅದು ಇರುವ ಮಕ್ಕಳನ್ನು ಹುಡುಕಬೇಕು.

ಆದ್ದರಿಂದ ನನ್ನ ಉತ್ತರ ಇಷ್ಟು: ತಾವು ಕೇವಲ ತೆರಿಗೆ ಕಟ್ಟಲಿಲ್ಲ, ಒಂದು ಕುರ್ಚಿಯನ್ನು ಕಾಯ್ದಿರಿಸಿದ್ದೀರಿ, ತಾವು ಬಾರದ ದಿನ ಅದರಲ್ಲಿ ನನ್ನಂಥ ಯಾರೋ ಕುಳಿತಿರುತ್ತಾರೆ. ಒಮ್ಮೆ ಹೋಗಿ ನೋಡಿ. ಸದಸ್ಯತ್ವಕ್ಕೆ ಗುರುತಿನ ಚೀಟಿ, ವಿಳಾಸದ ದಾಖಲೆ, ಭಾವಚಿತ್ರ ಒಯ್ಯಿರಿ. ಠೇವಣಿಯ ಮೊತ್ತ ಅಲ್ಪ. ಬೇಕಾದ ಪುಸ್ತಕ ಇಲ್ಲದಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಲೇಖಕರ, ಪ್ರಕಾಶಕರ ಹೆಸರಿನ ಸಹಿತ ಬರೆದು ಕೊಡಿ. ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳನ್ನೂ ಕೇಳಿ, ಏಕೆಂದರೆ ಕೇಳುವವರು ಇದ್ದಾರೆಂದು ಕಾಗದದಲ್ಲಿ ದಾಖಲಾದರೆ ಮಾತ್ರ ಗ್ರಂಥಪಾಲಕರಿಗೆ ಮೇಲಿನವರನ್ನು ಒತ್ತಾಯಿಸಲು ಆಧಾರ ಸಿಗುತ್ತದೆ. ಉಡುಪಿಯ ಕಡೆ ಕೆಲಸವಿದ್ದರೆ ಅಜ್ಜರಕಾಡಿನಲ್ಲಿಯೂ ಗ್ರಂಥಾಲಯವಿದೆ. ಭಾನುವಾರ ಬೆಳಿಗ್ಗೆ ಕಿಟಕಿಯ ಬದಿಯ ಜಾಗ ಸಿಗುವುದು ಕಷ್ಟ. ವಾರದ ನಡುವೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಸಿಗುತ್ತದೆ.