ಹಸುಗೂಸಿಗೆ ಸೂಜಿ ಚುಚ್ಚುವಾಗ ಔಷಧವಿಲ್ಲದೆ ನೋವು ತಗ್ಗಿಸಲು ಸಾಧ್ಯವೇ?

ನಿಮ್ಮ ಮಗು ಹುಟ್ಟಿ ಮೂರು ದಿನವಾಗಿದೆ, ಕಾಮಾಲೆಯ ಪರೀಕ್ಷೆಗೆಂದು ಹಿಮ್ಮಡಿ ಚುಚ್ಚಿ ರಕ್ತ ತೆಗೆದಾಗ ಅದು ಅತ್ತದ್ದನ್ನು ನೋಡಲಾಗಲಿಲ್ಲ, ನಾಳೆ ಮತ್ತೆ ಚುಚ್ಚುತ್ತಾರೆ, ಔಷಧ ಕೊಡದೆ ಈ ನೋವನ್ನು ತಡೆಯಬಹುದೇ ಎಂದು ಕೇಳಿದ್ದೀರಿ. ಪೂರ್ತಿ ತಡೆಯಲಾಗದಿದ್ದರೂ ಬಹಳಷ್ಟು ತಗ್ಗಿಸಬಹುದು. ಆದರೆ ಆ ಕೆಲಸ ಸೂಜಿಗಿಂತ ಮೊದಲೇ ಶುರುವಾಗಬೇಕು. ನವಜಾತ ಶಿಶುಗಳ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದ ನಾನು ಅತಿ ಹೆಚ್ಚು ಕಂಡ ತಪ್ಪೆಂದರೆ, ಮಗು ಅತ್ತ ಮೇಲೆ ಸಮಾಧಾನಕ್ಕೆ ತೊಡಗುವುದು.

ಹಸುಗೂಸಿಗೆ ನೋವೇ ತಿಳಿಯುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲಿಯೂ ಬೇರೂರಿತ್ತು. 1980ರ ದಶಕದಲ್ಲಿಯೂ ಎಷ್ಟೋ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. 1987ರಲ್ಲಿ ಆನಂದ್ ಮತ್ತು ಹಿಕಿ ಎಂಬ ವೈದ್ಯರ ವಿಮರ್ಶಾ ಲೇಖನ ಪ್ರಕಟವಾದ ನಂತರ ಆ ನಂಬಿಕೆ ಸಡಿಲಗೊಂಡಿತು. ವಾಸ್ತವವಾಗಿ, ನೋವಿನ ಸಂಕೇತವನ್ನು ಮಿದುಳಿನಿಂದ ಕೆಳಕ್ಕೆ ಅದುಮಿಡುವ ನರವ್ಯವಸ್ಥೆ ಎಳೆಯ ಮಕ್ಕಳಲ್ಲಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ, ಅದರಲ್ಲಿಯೂ ಅವಧಿಗೆ ಮುನ್ನ ಹುಟ್ಟಿದವುಗಳಲ್ಲಿ, ನೋವು ಇನ್ನಷ್ಟು ತೀವ್ರವಾಗಿ ತಟ್ಟುತ್ತದೆ. ಅಂಥ ಮಗು ಅಳಲೂ ತ್ರಾಣವಿಲ್ಲದೆ ಸುಮ್ಮನಿರಬಹುದು. ಆದ್ದರಿಂದ ಅಳುವಿಗಿಂತ ಮುಖವನ್ನು ಗಮನಿಸಿ: ಹುಬ್ಬುಗಳ ನಡುವೆ ಉಬ್ಬಿದ ಗಂಟು, ಬಿಗಿಯಾಗಿ ಮುಚ್ಚಿದ ಕಣ್ಣು, ಮೂಗಿನ ಪಕ್ಕದಿಂದ ಬಾಯಿಯವರೆಗೆ ಆಳವಾಗಿ ಮೂಡುವ ಗೆರೆ.

ಅವಧಿ ತುಂಬಿ ಹುಟ್ಟಿದ ಮಗುವಿಗೆ ನನ್ನ ಮೊದಲ ಆಯ್ಕೆ ಮೊಲೆಯೂಡಿಸುವುದೇ. ಮಗುವನ್ನು ಎದೆಗೆ ಹಾಕಿಕೊಳ್ಳಿ. ಅದು ಸರಿಯಾಗಿ ಮೊಲೆ ಹಿಡಿದು, ಗುಟುಕರಿಸುವ ಸದ್ದು ಕೇಳಿಸಿ, ಬಿಗಿಮುಷ್ಟಿ ತಾನಾಗಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಚುಚ್ಚಲು ಹೇಳಿ. ಚುಚ್ಚಿದ ನಂತರವೂ ಬಿಡಿಸಬೇಡಿ. ಹಾಲು ನೆತ್ತಿಗೇರೀತು ಎಂದು ಹಿರಿಯರು ಹೆದರುವುದುಂಟು. ಪ್ರಯೋಗಗಳಲ್ಲಿ ಅಂಥ ಅಪಾಯ ಕಂಡುಬಂದಿಲ್ಲ. ಹಿಂಡಿ ತೆಗೆದ ಎದೆಹಾಲನ್ನು ಬಾಯಿಗೆ ಬಿಟ್ಟರೆ ಇಷ್ಟು ಫಲ ಸಿಗುವುದಿಲ್ಲ, ಏಕೆಂದರೆ ಇಲ್ಲಿ ಹಾಲಿನಷ್ಟೇ ಚೀಪುವಿಕೆ, ತಾಯಿಯ ಮೈಬಿಸಿ, ವಾಸನೆ ಎಲ್ಲವೂ ಸೇರಿ ಕೆಲಸ ಮಾಡುತ್ತವೆ.

ಹಾಲು ಕುಡಿಸಲಾಗದಿದ್ದರೆ, ಡಯಾಪರ್ ಮಾತ್ರ ಉಳಿಸಿದ ಮಗುವನ್ನು ಬರಿಯ ಎದೆಗೆ ಆನಿಸಿ ಬೆನ್ನಿಗೆ ಹೊದಿಕೆ ಹೊದಿಸಿಕೊಂಡು ಹತ್ತು ಹದಿನೈದು ನಿಮಿಷ ಮೊದಲೇ ಕುಳಿತುಬಿಡಿ. ಕಾಂಗರೂ ಆರೈಕೆ ಎಂಬ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಹುಟ್ಟಿದ್ದು ನೋವಿಗಾಗಿ ಅಲ್ಲ, ಶಿಶುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರುಗಳ ಕೊರತೆಯಿಂದ. ತಂದೆಯೂ ಹೀಗೆ ಕೂರಬಹುದು. ಅದೂ ಆಗದಿದ್ದರೆ ಒಂದು ಅಂಗೈಯನ್ನು ನೆತ್ತಿಯ ಮೇಲೆ, ಇನ್ನೊಂದನ್ನು ಪಾದಗಳಿಗೆ ಒತ್ತು ಕೊಟ್ಟು, ಕೈಕಾಲು ಗರ್ಭದಲ್ಲಿದ್ದಂತೆ ಮಡಚಿಕೊಂಡಿರುವಂತೆ ಹಿಡಿಯಿರಿ. ತಟ್ಟಬೇಡಿ, ಸವರಬೇಡಿ, ಅಲುಗದ ಕೈಯೇ ಅದಕ್ಕೆ ಬೇಕಾದದ್ದು.

ಆಸ್ಪತ್ರೆಯವರು ಸಕ್ಕರೆ ದ್ರಾವಣದ ಮಾತೆತ್ತಬಹುದು. ಸಾಮಾನ್ಯವಾಗಿ ಶೇಕಡ 24ರ ಸುಕ್ರೋಸ್ ದ್ರಾವಣದ ಕೆಲವೇ ಹನಿಗಳನ್ನು ಸುಮಾರು ಎರಡು ನಿಮಿಷ ಮೊದಲು ನಾಲಿಗೆಯ ಮುಂಭಾಗಕ್ಕೆ ಬಿಡುತ್ತಾರೆ. ಪರಿಣಾಮ ಕೆಲವು ನಿಮಿಷ ಮಾತ್ರ ಉಳಿಯುತ್ತದೆ, ರಬ್ಬರ್ ನಿಪ್ಪಲ್ ಚೀಪಿಸಿದರೆ ಹೆಚ್ಚುತ್ತದೆ. ಇದರ ಬಗ್ಗೆ ನನಗೆ ಅರೆಮನಸ್ಸು. ಅಳು, ಮುಖದ ಬಿಗಿತ ಕಡಿಮೆಯಾಗುವುದು ನಿಜವಾದರೂ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೋವಿಗೆ ಮಿದುಳು ತೋರುವ ಪ್ರತಿಕ್ರಿಯೆ ಸುಕ್ರೋಸಿನಿಂದ ತಗ್ಗಿರಲಿಲ್ಲ. ನೀವಾಗಿ ಸಕ್ಕರೆ ನೀರು ಕೊಡಬೇಡಿ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ತೋರಿಸಲೂ ಬೇಡಿ, ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಚುಚ್ಚುವವರ ಕೈಯಲ್ಲಿರುವ ವಿಷಯಗಳೂ ಇವೆ. ಹೊಸದರಲ್ಲಿ ನಾನು ತಾಯಂದಿರನ್ನು ಹೊರಗೆ ಕಳುಹಿಸಿ, ರಕ್ತ ಸಾಲದೆ ಬಂದಾಗ ಹಿಮ್ಮಡಿಯನ್ನು ಹಿಂಡಿದ್ದೇನೆ; ಹಲವು ಬಾರಿ ಚುಚ್ಚಿದ್ದಕ್ಕಿಂತ ಆ ಹಿಂಡುವಿಕೆಗೇ ಮಕ್ಕಳು ಹೆಚ್ಚು ಚೀರುತ್ತಿದ್ದವು. ಸ್ಪ್ರಿಂಗ್ ಇರುವ ಲ್ಯಾನ್ಸೆಟ್ ಎಂಬ ಚುಚ್ಚುವ ಪುಟ್ಟ ಸಾಧನ, ಕೈಯಿಂದ ಚುಚ್ಚುವ ಬ್ಲೇಡಿಗಿಂತ ಮೇಲು. ಪಳಗಿದ ಕೈಯಿದ್ದರೆ ರಕ್ತನಾಳದಿಂದಲೇ ರಕ್ತ ತೆಗೆಯುವುದು ಹಿಮ್ಮಡಿಗಿಂತ ಕಡಿಮೆ ನೋವಿನದು. ಕಾಮಾಲೆಯ ಪ್ರಮಾಣವನ್ನು ಚರ್ಮದ ಮೇಲಿಟ್ಟು ಅಳೆಯುವ ಉಪಕರಣವೂ ಇದೆ. ನಾಳಿನ ಪರೀಕ್ಷೆಗೆ ಅದು ಸಾಕಾದೀತೇ, ಬೇರೆ ಪರೀಕ್ಷೆಗಳನ್ನೂ ಒಂದೇ ಸಲ ಚುಚ್ಚಿ ಮುಗಿಸಬಹುದೇ ಎಂದು ವೈದ್ಯರನ್ನು ಕೇಳಿ.

ಇವೆಲ್ಲ ಸಣ್ಣಪುಟ್ಟ ಚುಚ್ಚುವಿಕೆಗೆ ಸಾಕು. ಎದೆಗೂಡಿಗೆ ನಳಿಕೆ ಇಳಿಸುವುದು, ಶಸ್ತ್ರಚಿಕಿತ್ಸೆ ಮುಂತಾದವುಗಳಿಗೆ ಔಷಧ ಬೇಕೇ ಬೇಕು. ಅಲ್ಲಿ ಔಷಧ ಬೇಡವೆಂದು ಪಟ್ಟು ಹಿಡಿಯಬಾರದು.

ನಾಳೆ ನರ್ಸ್ ಬಂದು ಮಗುವನ್ನು ಕೊಡಿ ಎಂದಾಗ, “ನನ್ನ ಮಡಿಲಲ್ಲೇ ಇರಲಿ, ಹಾಲು ಕುಡಿಯಲು ಶುರುಮಾಡಿದ ಕೂಡಲೇ ಹೇಳುತ್ತೇನೆ” ಎಂದು ಕೇಳಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ. ಹತ್ತಿ ಒತ್ತಿ ಅವರು ಹೊರಟ ಮೇಲೂ, ಹುಬ್ಬಿನ ಗಂಟು ಸಡಿಲವಾಗುವವರೆಗೆ ಮಗುವನ್ನು ತೊಟ್ಟಿಲಿಗೆ ಹಾಕಬೇಡಿ.